ನೆಲಮಾಳಿಗೆಯ ಚಿಕಿತ್ಸಾಲಯಗಳು: ವರ್ಣಭೇದ, ಬಡತನ ಮತ್ತು ಮಗುವಿನ ಮನಸ್ಸು

1

1946ರ ಮೊದಲ ತಿಂಗಳುಗಳಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಪ್ರದೇಶದಲ್ಲಿ, ಒಂದರ ಹಂಗು ಇನ್ನೊಂದಕ್ಕಿಲ್ಲದೆ, ಎರಡು ಮನೋಚಿಕಿತ್ಸಾಲಯಗಳು ಬಾಗಿಲು ತೆರೆದವು. ಒಂದು, ಸೇಂಟ್ ಫಿಲಿಪ್ ಚರ್ಚಿಗೆ ಸೇರಿದ ಕಟ್ಟಡದ ನೆಲಮಾಳಿಗೆಯಲ್ಲಿ. ಇನ್ನೊಂದು, ಪಾಲ್ ಲಾರೆನ್ಸ್ ಡನ್‌ಬಾರ್ ಎಂಬ ಕಪ್ಪು ಕವಿಯ ಹೆಸರು ಹೊತ್ತ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ. ಮೊದಲನೆಯದು ಲಫಾರ್ಗ್ ಚಿಕಿತ್ಸಾಲಯ. ಎರಡನೆಯದು ಮುಂದೆ ನಾರ್ತ್‌ಸೈಡ್ ಮಕ್ಕಳ ಅಭಿವೃದ್ಧಿ ಕೇಂದ್ರವೆಂದು ಹೆಸರಾಯಿತು. ಮನೋವಿಶ್ಲೇಷಣೆಯೆಂಬುದು ಅಮೆರಿಕದ ವಿದ್ಯಾವಂತ ಬಿಳಿಯರ ಮನೆಮಾತಾಗುತ್ತಿದ್ದ ಆ ಕಾಲದಲ್ಲಿ, ಅದೇ ನಗರದ ಕಪ್ಪುಜನರ ಮಕ್ಕಳಿಗೆ ಮನಸ್ಸಿನ ವೈದ್ಯರೆಂಬವರು ಹೆಚ್ಚುಕಡಿಮೆ ಇರಲೇ ಇಲ್ಲ. ಹಾರ್ಲೆಮಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಸ್ಥಾಪನೆಯಾದದ್ದು 1962ರಲ್ಲಿ. ಅದನ್ನು ಕಟ್ಟಿದ ವೈದ್ಯೆ ಎಲಿಜಬೆತ್ ಡೇವಿಸ್, ಲಫಾರ್ಗ್ ಚಿಕಿತ್ಸಾಲಯಕ್ಕೆ ನೆಲಮಾಳಿಗೆಯನ್ನು ಬಿಟ್ಟುಕೊಟ್ಟ ಪಾದ್ರಿ ಶೆಲ್ಟನ್ ಹೇಲ್ ಬಿಷಪ್ ಅವರ ಮಗಳು.

ವರ್ಣಭೇದವೂ ಬಡತನವೂ ಕೂಡಿ ಮಕ್ಕಳನ್ನು ಮನೋಚಿಕಿತ್ಸೆಯಿಂದ ದೂರವಿಡುವ ಬಗೆಯನ್ನು ಸಾಮಾನ್ಯವಾಗಿ ಅಂಕಿ ಅಂಶಗಳ ಮೂಲಕ ವಿವರಿಸಲಾಗುತ್ತದೆ: ವೈದ್ಯರೆಷ್ಟು, ಶುಲ್ಕವೆಷ್ಟು, ದೂರವೆಷ್ಟು ಎಂದು. ಆ ಲೆಕ್ಕಗಳು ಅವಶ್ಯಕ. ಆದರೆ ಅವುಗಳಿಗಿಂತ ಮೊದಲೇ ನಡೆದುಹೋಗುವ ಒಂದು ಕ್ರಿಯೆಯಿದೆ. ಅದು ಭಾಷೆಯ ಕ್ರಿಯೆ. ಮಗುವೊಂದು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಬೆಂಚು ಮುರಿಯುತ್ತದೆ, ಮನೆಯಿಂದ ಓಡಿಹೋಗುತ್ತದೆ. ಇದಕ್ಕೆ ಯಾರೋ ಒಬ್ಬರು ಹೆಸರಿಡುತ್ತಾರೆ. 'ದುಃಖ' ಎಂದು ಹೆಸರಿಟ್ಟರೆ ಚಿಕಿತ್ಸಾಲಯದ ಬಾಗಿಲು. 'ದಡ್ಡತನ' ಎಂದರೆ ಹಿಂದುಳಿದವರ ತರಗತಿಯ ಬಾಗಿಲು. 'ಪುಂಡಾಟ' ಎಂದರೆ ನ್ಯಾಯಾಲಯದ ಬಾಗಿಲು. ಹಾರ್ಲೆಮಿನ ಮಕ್ಕಳ ಚರಿತ್ರೆ ಬಹುಮಟ್ಟಿಗೆ ಈ ಹೆಸರಿಡುವಿಕೆಯ ಚರಿತ್ರೆ. ಭಾಷೆ ಮತ್ತು ಸಾಹಿತ್ಯದ ಅಧ್ಯಯನಕ್ಕೆ ಇದು ಹೊರಗಿನ ವಿಷಯವಲ್ಲ.

2

ಲಫಾರ್ಗ್ ಚಿಕಿತ್ಸಾಲಯದ ಸ್ಥಾಪನೆಯಲ್ಲಿ ಒಬ್ಬ ವೈದ್ಯನಷ್ಟೇ ಪಾತ್ರ ಒಬ್ಬ ಕಾದಂಬರಿಕಾರನಿಗೂ ಇತ್ತು. ವೈದ್ಯ, ಜರ್ಮನಿಯಿಂದ ಬಂದು ನೆಲೆಸಿದ್ದ ಫ್ರೆಡ್ರಿಕ್ ವರ್ಥಮ್. ಕಾದಂಬರಿಕಾರ, 1940ರಲ್ಲಿ 'ನೇಟಿವ್ ಸನ್' ಪ್ರಕಟಿಸಿ ಖ್ಯಾತನಾಗಿದ್ದ ರಿಚರ್ಡ್ ರೈಟ್. ಕಾರ್ಲ್ ಮಾರ್ಕ್ಸ್‌ನ ಅಳಿಯನೂ ಕ್ಯೂಬಾದಲ್ಲಿ ಹುಟ್ಟಿದ ವೈದ್ಯನೂ ಆಗಿದ್ದ ಪಾಲ್ ಲಫಾರ್ಗ್‌ನ ಹೆಸರನ್ನು ಸಂಸ್ಥೆಗೆ ಇಟ್ಟದ್ದರಿಂದಲೇ ಇದರ ಒಲವು ತಿಳಿಯುತ್ತದೆ. ವಾರಕ್ಕೆ ಎರಡು ಸಂಜೆ ಮಾತ್ರ ಅದು ತೆರೆದಿರುತ್ತಿತ್ತು. ವೈದ್ಯರೂ ಸಮಾಜ ಕಾರ್ಯಕರ್ತರೂ ಸಂಬಳವಿಲ್ಲದೆ ದುಡಿಯುತ್ತಿದ್ದರು. ಶುಲ್ಕ 25 ಸೆಂಟು. ಅದನ್ನೂ ಕೊಡಲಾರದವರಿಗೆ ಉಚಿತ. ಬರುವವರಲ್ಲಿ ದೊಡ್ಡವರೂ ಇದ್ದರು, ಮಕ್ಕಳೂ ಇದ್ದರು. ರಾಲ್ಫ್ ಎಲಿಸನ್ ಈ ಚಿಕಿತ್ಸಾಲಯವನ್ನು ನೆಪವಾಗಿಟ್ಟುಕೊಂಡು 1948ರಲ್ಲಿ ಬರೆದ 'ಹಾರ್ಲೆಮ್ ಈಸ್ ನೋವೇರ್' ಎಂಬ ಪ್ರಬಂಧ 1964ರಲ್ಲಿ ಅವನ 'ಶ್ಯಾಡೋ ಅಂಡ್ ಆ್ಯಕ್ಟ್' ಸಂಕಲನದಲ್ಲಿ ಅಚ್ಚಾಯಿತು. ದಕ್ಷಿಣದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಂದಿದ್ದ ನೆರೆಹೊರೆ, ಧರ್ಮ, ಜಾನಪದಗಳ ಆಸರೆಯನ್ನು ಕಳೆದುಕೊಂಡು, ಉತ್ತರದ ನಗರದಲ್ಲಿ ಹೊಸ ಆಸರೆಯೂ ದೊರೆಯದೆ ನಡುವೆ ನಿಂತವರ ಮನಸ್ಥಿತಿಯನ್ನು ಆ ಪ್ರಬಂಧ ಹಿಡಿಯುತ್ತದೆ. ಊರು ಬಿಟ್ಟು ಮಹಾನಗರಗಳಿಗೆ ವಲಸೆ ಬಂದ ಕನ್ನಡಿಗರ ಸಾಹಿತ್ಯವನ್ನು ಓದುವವರು ಅದನ್ನು ಒಮ್ಮೆ ನೋಡಬೇಕು.

ಲಫಾರ್ಗ್ ಚಿಕಿತ್ಸಾಲಯದ ಹಿರಿಯ ಸಾಧನೆ ನಡೆದದ್ದು ನ್ಯೂಯಾರ್ಕಿನ ಹೊರಗೆ. ಡೆಲಾವೇರ್ ರಾಜ್ಯದಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಎಂಬ ಕಾನೂನಿನ ವಿರುದ್ಧ ದಾವೆ ಹೂಡಿದಾಗ, ಅಲ್ಲಿನ ಮಕ್ಕಳನ್ನು ಹಾರ್ಲೆಮಿಗೆ ಕರೆತಂದು ವರ್ಥಮ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿದರು. ಕಪ್ಪು ಮಕ್ಕಳನ್ನು ಮಾತ್ರವಲ್ಲ, ಬಿಳಿ ಮಕ್ಕಳನ್ನೂ. 1951ರಲ್ಲಿ ವರ್ಥಮ್ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದನು: ಕಟ್ಟಡ ಚೆನ್ನಾಗಿದೆಯೇ, ಪುಸ್ತಕಗಳಿವೆಯೇ ಎಂಬುದಲ್ಲ ಪ್ರಶ್ನೆ, ಬೇರ್ಪಡಿಸಿ ಇಡುವುದೇ ಮಗುವಿನ ಮನಸ್ಸಿಗೆ ಪೆಟ್ಟು ಎಂಬುದು ಅವನ ವಾದದ ತಿರುಳು. ಮರುವರ್ಷ ನ್ಯಾಯಾಧೀಶ ಕಾಲಿನ್ಸ್ ಸೈಟ್ಜ್ ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳುವಂತೆ ಆದೇಶ ನೀಡಿದರು. 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶಾಲೆಗಳ ವರ್ಣವಿಭಜನೆಯನ್ನು ಅಸಾಂವಿಧಾನಿಕವೆಂದು ಸಾರಿದ ಬ್ರೌನ್ ಮೊಕದ್ದಮೆಯಲ್ಲಿ ಅಡಕವಾಗಿದ್ದ ಐದು ದಾವೆಗಳ ಪೈಕಿ ಡೆಲಾವೇರಿನದೂ ಒಂದು.

ವರ್ಥಮ್‌ನ ಕಥೆಗೆ ಒಂದು ಕರಾಳ ಉಪಕಥೆಯಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮಕ್ಕಳ ಚಿತ್ರಕಥಾ ಪುಸ್ತಕಗಳೇ ಬಾಲಾಪರಾಧಕ್ಕೆ ಕಾರಣವೆಂದು 1954ರಲ್ಲಿ ಅವನು ದೊಡ್ಡದೊಂದು ಗ್ರಂಥ ಬರೆದನು. ಅದಕ್ಕೆ ಆಧಾರವೆಂದು ಕೊಟ್ಟ ಮಕ್ಕಳ ಹೇಳಿಕೆಗಳಲ್ಲಿ ಕೆಲವು ಲಫಾರ್ಗ್‌ಗೆ ಬಂದವರವು. ಅವನ ಮೂಲ ಕಾಗದಪತ್ರಗಳನ್ನು ಗ್ರಂಥದೊಂದಿಗೆ ತಾಳೆ ನೋಡಿದ ಕ್ಯಾರಲ್ ಟಿಲಿ, ಅವನು ಮಕ್ಕಳ ಮಾತುಗಳನ್ನು ತಿದ್ದಿದ್ದ, ಬೆಸೆದಿದ್ದ, ಅನುಕೂಲವಲ್ಲದ್ದನ್ನು ಕೈಬಿಟ್ಟಿದ್ದ ಸಂಗತಿಯನ್ನು 2012ರಲ್ಲಿ ತೋರಿಸಿಕೊಟ್ಟರು. ಬಡ ಮಗುವಿನ ಮಾತನ್ನು ಕೇಳಿಸಿಕೊಳ್ಳಲೆಂದೇ ತೆರೆದ ಕೋಣೆಯಲ್ಲಿಯೂ ಆ ಮಾತು ಕೇಳುಗನ ಅಗತ್ಯಕ್ಕೆ ತಕ್ಕಂತೆ ಬದಲಾಗಬಹುದು. ಜಾನಪದ ಸಂಗ್ರಹದಲ್ಲಿ ಪಾಠ ತಿದ್ದುವ ಸಂಪಾದಕರ ಬಗ್ಗೆ ಎಚ್ಚರವಿರುವ ಕನ್ನಡ ಸಂಶೋಧಕರಿಗೆ ಇದು ಅಪರಿಚಿತ ದೋಷವಲ್ಲ. ಚಿಕಿತ್ಸಾಲಯ 1958ರಲ್ಲಿ ಮುಚ್ಚಿಹೋಯಿತು.

3

ನಾರ್ತ್‌ಸೈಡ್ ಕೇಂದ್ರದ ಕಥೆ ಇದಕ್ಕಿಂತ ದೀರ್ಘ, ಇದಕ್ಕಿಂತ ಗಂಭೀರ. ಅದನ್ನು ಕಟ್ಟಿದವರು ಮೇಮಿ ಫಿಪ್ಸ್ ಕ್ಲಾರ್ಕ್ ಮತ್ತು ಅವರ ಪತಿ ಕೆನೆತ್ ಕ್ಲಾರ್ಕ್. ಚರಿತ್ರೆಯ ಪುಟಗಳಲ್ಲಿ ಪತಿಯ ಹೆಸರು ಮುಂದೆ ಬರುವುದಾದರೂ ಕೇಂದ್ರವನ್ನು 1979ರವರೆಗೆ ನಡೆಸಿದವರು ಮೇಮಿ. 1917ರಲ್ಲಿ ಅರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ ವೈದ್ಯರೊಬ್ಬರ ಮಗಳಾಗಿ ಹುಟ್ಟಿದ ಅವರು 1943ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಾಧ್ಯಾಪಕ ಹೆನ್ರಿ ಗ್ಯಾರೆಟ್, ಕಪ್ಪುಜನರ ಬುದ್ಧಿಶಕ್ತಿ ಹುಟ್ಟಿನಿಂದಲೇ ಕೀಳೆಂದು ನಂಬಿದ್ದವನು. ಅಂಥವನ ಕೈಕೆಳಗೆ ಓದಲು ಮೇಮಿ ತಾವಾಗಿ ಆರಿಸಿಕೊಂಡರೆಂಬುದು ಕುತೂಹಲಕರ. 1946ರಲ್ಲಿ ಗ್ಯಾರೆಟ್ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷ. ಅದೇ ವರ್ಷ ಶಿಷ್ಯೆ ಹಾರ್ಲೆಮಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಪರೀಕ್ಷಿಸುತ್ತಿದ್ದರು. 1952ರಲ್ಲಿ ವರ್ಜೀನಿಯಾದ ಶಾಲಾ ಮೊಕದ್ದಮೆಯಲ್ಲಿ ಗುರು ವಿಭಜನೆಯ ಪರ ಸಾಕ್ಷಿಯಾದನು, ಶಿಷ್ಯೆ ವಿರುದ್ಧ ಸಾಕ್ಷಿಯಾದರು.

ಪದವಿ ಪಡೆದ ಕಪ್ಪು ಹೆಣ್ಣುಮಗಳಿಗೆ ತಕ್ಕ ಕೆಲಸ ಸಿಗುವುದು ಸುಲಭವಾಗಿರಲಿಲ್ಲ. ಮನೆಯಿಲ್ಲದ ಕಪ್ಪು ಹುಡುಗಿಯರನ್ನು ಇರಿಸಿಕೊಂಡಿದ್ದ ಸಂಸ್ಥೆಯೊಂದರಲ್ಲಿ ಪರೀಕ್ಷಕಿಯಾಗಿ ದುಡಿದಾಗ, ಈ ಮಕ್ಕಳಿಗೆ ಪರೀಕ್ಷೆಯ ಆಚೆಗೆ ಯಾವ ನೆರವೂ ಇಲ್ಲವೆಂಬುದು ಅವರಿಗೆ ಕಂಡಿತು. ದಂಪತಿಗಳು ನಗರದ ಸಮಾಜಸೇವಾ ಸಂಸ್ಥೆಗಳ ಬಾಗಿಲು ತಟ್ಟಿದರು: ಹಾರ್ಲೆಮಿಗೂ ನಿಮ್ಮ ಸೇವೆಯನ್ನು ವಿಸ್ತರಿಸಿ ಎಂಬುದಷ್ಟೇ ಬೇಡಿಕೆ. ಯಾರೂ ಒಪ್ಪಲಿಲ್ಲ. ಕೊನೆಗೆ ಮೇಮಿಯವರ ತಂದೆ ಕೊಟ್ಟ 946 ಡಾಲರ್ ಸಾಲದಿಂದ ಕೇಂದ್ರ ಆರಂಭವಾಯಿತು.

ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದರು. ಆದರೆ ಅವರು ಕೇಳಿದ್ದು ಮನೋಚಿಕಿತ್ಸೆಯನ್ನಲ್ಲ. 'ನಮ್ಮ ಮಗು ಮಂದಬುದ್ಧಿಯದೆಂದು ಶಾಲೆಯವರು ಬೇರೆ ತರಗತಿಗೆ ಹಾಕಿದ್ದಾರೆ, ಅದು ನಿಜವೇ?' ಎಂಬುದು ಅವರ ಪ್ರಶ್ನೆ. ಕೇಂದ್ರ ಪುನಃ ಪರೀಕ್ಷೆ ನಡೆಸಿತು. ಅವರಲ್ಲಿ ಹೆಚ್ಚಿನ ಮಕ್ಕಳು ಅಂಥ ತರಗತಿಗೆ ಸೇರಬೇಕಾದವರೇ ಅಲ್ಲ, ಅವರನ್ನು ಅಲ್ಲಿರಿಸಿದ್ದು ಕಾನೂನಿಗೂ ವಿರುದ್ಧ ಎಂಬುದು ಹೊರಬಿತ್ತು. ಒಂದು ಚಿಕಿತ್ಸಾಲಯದ ಮೊದಲ ಚಿಕಿತ್ಸೆ ಶಾಲೆ ಕೊಟ್ಟ ಹೆಸರನ್ನು ಅಳಿಸುವುದಾಗಿತ್ತು ಎಂಬ ಈ ಸಂಗತಿಯನ್ನು ಮನೋವೈದ್ಯದ ಪಠ್ಯಗಳು ಅಡಿಟಿಪ್ಪಣಿಗೆ ತಳ್ಳುತ್ತವೆ. ಅದು ಮುಖ್ಯ ಪಠ್ಯಕ್ಕೆ ಸೇರಬೇಕಾದ ವಿಷಯ. ತಾಯಂದಿರ ಅಜ್ಞಾನದಿಂದ ಬಡ ಮಕ್ಕಳು ಚಿಕಿತ್ಸೆಗೆ ಬರುವುದಿಲ್ಲವೆಂಬ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ತಮ್ಮ ಮಗುವಿಗೆ ಅಂಟಿದ ಹೆಸರು ಸುಳ್ಳೆಂದು ಸಂಶಯಪಟ್ಟು, ಅದನ್ನು ಸಾಬೀತುಪಡಿಸಬಲ್ಲವರನ್ನು ಹುಡುಕಿಕೊಂಡು ಬಂದವರು ಆ ತಾಯಂದಿರೇ.

ಕೇಂದ್ರದೊಳಗೂ ಒಂದು ದೀರ್ಘ ವಿವಾದ ನಡೆಯಿತು. ಅದರ ಆಡಳಿತ ಮಂಡಳಿಯಲ್ಲಿದ್ದ ಕೆಲವರು, ಹಣ ಕೊಡುವವರೂ ಸೇರಿ, ಮನೋವಿಶ್ಲೇಷಣೆಯ ಮಾರ್ಗವನ್ನು ಎತ್ತಿಹಿಡಿದರು: ಮಗುವಿನ ತೊಡಕು ಅದರ ಒಳಗೆ, ತಾಯಿತಂದೆಯರ ಸಂಬಂಧದಲ್ಲಿ ಇದೆ; ಅದನ್ನು ಬಿಡಿಸಬೇಕಾದದ್ದು ಚಿಕಿತ್ಸೆಯ ಕೋಣೆಯಲ್ಲಿ. ಕ್ಲಾರ್ಕ್ ದಂಪತಿಗಳ ನಿಲುವು ಬೇರೆ. ಇಲಿ ಓಡಾಡುವ ಮನೆ, ಕಲಿಸದ ಶಾಲೆ, ಮುಖ ನೋಡಿಯೇ ತಿರಸ್ಕರಿಸುವ ಊರು, ಇವನ್ನೆಲ್ಲ ಹೊರಗೆ ಬಿಟ್ಟು ವಾರಕ್ಕೊಮ್ಮೆ ಕೋಣೆಯಲ್ಲಿ ಕೂತು ಮಗುವಿನೊಡನೆ ಮಾತಾಡುವುದರಿಂದ ಏನಾದೀತು ಎಂಬುದು ಅವರ ಪ್ರಶ್ನೆ. ನಾರ್ತ್‌ಸೈಡಿನಲ್ಲಿ ಓದು ಕಲಿಸುವುದು ಚಿಕಿತ್ಸೆಯ ಭಾಗವಾಯಿತು. ಓದಲು ಬಾರದೆ ಮುದುಡಿದ್ದ ಮಗು ಓದತೊಡಗಿದಾಗ ಅದರ 'ಮನೋವಿಕಾರ' ಎಷ್ಟೋ ತಾನಾಗಿ ಸಡಿಲುವುದನ್ನು ಅಲ್ಲಿಯವರು ಕಂಡರು. ವಸತಿಗಾಗಿ ಓಡಾಟ, ಶಾಲೆಯೊಡನೆ ಜಗಳ, ತಂದೆತಾಯಿಗಳ ಸಂಘಟನೆ ಎಲ್ಲವೂ ಕೇಂದ್ರದ ಕೆಲಸವಾಯಿತು. ಹಾಗೆಂದು ಕ್ಲಾರ್ಕ್ ದಂಪತಿಗಳು ಮನಸ್ಸಿನ ಚಿಕಿತ್ಸೆಯನ್ನು ಕಡೆಗಣಿಸಿದವರಲ್ಲ. ಶ್ರೀಮಂತರ ಮಗುವಿಗೆ ದೊರೆಯುವ ವೈದ್ಯರೇ ಈ ಮಗುವಿಗೂ ದೊರೆಯಬೇಕೆಂಬುದು ಅವರ ಹಟ. ಬಡವರ ಕಷ್ಟವೆಲ್ಲ 'ಸಾಮಾಜಿಕ' ಎಂದು ಹೇಳಿಬಿಟ್ಟರೆ, ಅವರಿಗೆ ವೈದ್ಯರೇ ಬೇಡವೆಂಬ ತೀರ್ಮಾನಕ್ಕೆ ಬರಲು ಸರ್ಕಾರಗಳಿಗೆ ಹೊತ್ತು ಬೇಕಾಗುವುದಿಲ್ಲ. 'ಮಾನಸಿಕ' ಎಂದುಬಿಟ್ಟರೆ ಸಮಾಜ ತಪ್ಪಿಸಿಕೊಳ್ಳುತ್ತದೆ. ಈ ಇಕ್ಕಟ್ಟಿನಲ್ಲಿ ಎರಡನ್ನೂ ಬಿಡದೆ ಹಿಡಿದದ್ದು ನಾರ್ತ್‌ಸೈಡಿನ ವೈಶಿಷ್ಟ್ಯ.

ಕ್ಲಾರ್ಕ್ ದಂಪತಿಗಳ ಬೊಂಬೆಗಳ ಪ್ರಯೋಗ ಬಹುವಾಗಿ ಪ್ರಚಾರಗೊಂಡಿದೆ. ಬಣ್ಣವೊಂದನ್ನು ಬಿಟ್ಟರೆ ಒಂದೇ ತೆರನಾದ ಬೊಂಬೆಗಳನ್ನು 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದಿಟ್ಟು, ಯಾವುದು ಇಷ್ಟ, ಯಾವುದು ಕೆಟ್ಟದ್ದು, ಯಾವುದು ನಿನ್ನಂತಿದೆ ಎಂದು ಕೇಳಲಾಯಿತು. ಆಡಲು ಬಿಳಿ ಬೊಂಬೆಯನ್ನು ಬಯಸಿದವರು ನೂರಕ್ಕೆ 67; ಕಂದು ಬೊಂಬೆ ಕೆಟ್ಟದಾಗಿ ಕಾಣುತ್ತದೆಂದವರು ನೂರಕ್ಕೆ 59. 'ನಿನ್ನಂತಿರುವುದು ಯಾವುದು' ಎಂಬ ಕೊನೆಯ ಪ್ರಶ್ನೆಗೆ ಕೆಲವು ಮಕ್ಕಳು ಅಳುತ್ತಾ ಎದ್ದುಹೋದರು. 1947ರಲ್ಲಿ ಪ್ರಕಟವಾದ ಈ ಸಂಶೋಧನೆ ಬ್ರೌನ್ ಮೊಕದ್ದಮೆಯಲ್ಲಿ ನೆರವಿಗೆ ಬಂತು. ತೀರ್ಪಿನ ಪ್ರಸಿದ್ಧ ಹನ್ನೊಂದನೆಯ ಅಡಿಟಿಪ್ಪಣಿ ಕೆನೆತ್ ಕ್ಲಾರ್ಕ್ ಅವರ 1950ರ ಬರಹವನ್ನು ಉಲ್ಲೇಖಿಸುತ್ತದೆ. ಆದರೆ ವಿಭಜನೆಯಿಲ್ಲದ ಉತ್ತರದ ಶಾಲೆಗಳ ಮಕ್ಕಳಲ್ಲಿಯೇ ಬಿಳಿ ಬೊಂಬೆಯ ಒಲವು ಹೆಚ್ಚಾಗಿತ್ತೆಂಬುದನ್ನು ವಿಮರ್ಶಕರು ಎತ್ತಿ ತೋರಿಸಿದರು. ಹಾಗಿದ್ದರೆ ನೋವಿನ ಮೂಲ ಶಾಲೆಯ ಗೋಡೆಯೊಂದೇ ಅಲ್ಲ ಎಂದಾಯಿತು. ಈ ವಿಮರ್ಶೆ ನ್ಯಾಯವಾದದ್ದೇ.

ಇನ್ನೂ ಗಂಭೀರವಾದ ಆಕ್ಷೇಪ ಬೇರೊಂದಿದೆ. ಕರುಣೆಯಿಂದ ಇಟ್ಟ ಹೆಸರೂ ಹೆಸರೇ. 'ಗಾಯಗೊಂಡ ಮನಸ್ಸು' ಎಂಬ ನ್ಯಾಯಾಲಯದ ವಾದ ಸುಮಾರು ಹನ್ನೊಂದು ವರ್ಷಗಳಲ್ಲಿ 'ಕೆಟ್ಟುಹೋದ ಕುಟುಂಬ' ಎಂಬ ಸರ್ಕಾರಿ ನುಡಿಗಟ್ಟಾಗಿ ತಿರುಗಿತು. 1965ರಲ್ಲಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಸಿದ್ಧಪಡಿಸಿದ ಸರ್ಕಾರಿ ವರದಿ ಕಪ್ಪು ಕುಟುಂಬದ ರಚನೆಯಲ್ಲಿಯೇ ರೋಗವನ್ನು ಕಂಡಿತು. ಮಕ್ಕಳಿಗೆ ನ್ಯಾಯ ದೊರಕಿಸಲು ಬಳಸಿದ ಭಾಷೆ ಅವರ ತಾಯಂದಿರ ಮೇಲೆ ಆರೋಪ ಹೊರಿಸುವ ಭಾಷೆಗೆ ಸಾಮಗ್ರಿ ಒದಗಿಸಿತು.

4

ಶಾಲೆ ಇಟ್ಟ ಹೆಸರಿಗಿಂತ ಕಠಿಣವಾದದ್ದು ನ್ಯಾಯಾಲಯ ಇಟ್ಟ ಹೆಸರು. ನ್ಯೂಯಾರ್ಕಿನಲ್ಲಿ ದಿಕ್ಕಿಲ್ಲದ ಅಥವಾ ದಾರಿತಪ್ಪಿದ ಮಕ್ಕಳನ್ನು ಅವರವರ ಮತದ ಖಾಸಗಿ ಸಂಸ್ಥೆಗಳಿಗೆ ಒಪ್ಪಿಸುವುದು ರೂಢಿ. ಕಪ್ಪು ಮಕ್ಕಳಲ್ಲಿ ಬಹುತೇಕರು ಪ್ರಾಟೆಸ್ಟಂಟರು. ಪ್ರಾಟೆಸ್ಟಂಟ್ ಸಂಸ್ಥೆಗಳಲ್ಲಿ ಬಹುತೇಕ ಎಲ್ಲವೂ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಒಂದೇ ತಪ್ಪು ಮಾಡಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ವೈದ್ಯರಿರುವ ವಸತಿಶಾಲೆ, ಇನ್ನೊಬ್ಬನಿಗೆ ಸರ್ಕಾರಿ ಸುಧಾರಣಾಲಯ. ನ್ಯಾಯಾಧೀಶೆ ಜಸ್ಟಿನ್ ವೈಸ್ ಪೋಲಿಯರ್ ಇದರ ವಿರುದ್ಧ ಹೋರಾಡಿದರು. ಇಂಥ ಸಂಸ್ಥೆಗಳಿಗೆ ನಗರದ ಹಣ ಕೊಡಬಾರದೆಂಬ ನಿಯಮ 1942ರಲ್ಲಿ ಬಂತು. 1936ರಲ್ಲಿ ಹಡ್ಸನ್ ನದಿಯ ಬಳಿ ಕಪ್ಪು ಹುಡುಗರಿಗಾಗಿಯೇ ತೆರೆದ ವಿಲ್ಟ್‌ವಿಕ್ ಶಾಲೆ ಅಪರೂಪದ ಆಸರೆ. 1948ರ 'ದಿ ಕ್ವಯಟ್ ಒನ್' ಎಂಬ ಚಲನಚಿತ್ರ ಆ ಶಾಲೆಗೆ ಬಂದ ಮಾತಾಡದ ಹುಡುಗನೊಬ್ಬನ ಕಥೆ. ಕ್ಲಾಡ್ ಬ್ರೌನ್ 1965ರಲ್ಲಿ ಪ್ರಕಟಿಸಿದ 'ಮ್ಯಾನ್‌ಚೈಲ್ಡ್ ಇನ್ ದ ಪ್ರಾಮಿಸ್ಡ್ ಲ್ಯಾಂಡ್' ಎಂಬ ಆತ್ಮಕಥನರೂಪದ ಕೃತಿಯಲ್ಲಿ ವಿಲ್ಟ್‌ವಿಕ್ ಶಾಲೆಯೂ ವಾರ್ವಿಕ್ ಸುಧಾರಣಾಲಯವೂ ಬರುತ್ತವೆ. ಲೇಖಕ ಎರಡನ್ನೂ ಬಾಲ್ಯದಲ್ಲಿ ಉಂಡವನು.

ಚಿಕಿತ್ಸೆಯೇ ಎಟುಕದ ಮಗುವಿನ ಅತ್ಯಂತ ದಾರುಣ ಚಿತ್ರಣ ದೊರೆಯುವುದು ಟೋನಿ ಮಾರಿಸನ್ ಅವರ ಮೊದಲ ಕಾದಂಬರಿ 'ದ ಬ್ಲೂಯೆಸ್ಟ್ ಐ'ನಲ್ಲಿ. 1970ರಲ್ಲಿ ಪ್ರಕಟವಾದ ಈ ಕೃತಿಯ ಕಾಲ 1941, ಸ್ಥಳ ಓಹಿಯೋ ರಾಜ್ಯದ ಲೊರೈನ್. ಶಾಲೆಯ ಬಾಲಪಾಠದ ಸುಖೀ ಬಿಳಿ ಕುಟುಂಬದ ವಾಕ್ಯಗಳನ್ನು ಮೊದಲು ಸರಿಯಾಗಿ, ಬಳಿಕ ಚಿಹ್ನೆಗಳಿಲ್ಲದೆ, ಬಳಿಕ ಪದಗಳ ನಡುವೆ ಎಡೆಯೇ ಇಲ್ಲದೆ ಅಚ್ಚು ಮಾಡಿಸಿ ಮಾರಿಸನ್ ಕಾದಂಬರಿಯನ್ನು ತೆರೆಯುತ್ತಾರೆ. ಕಪ್ಪು ಹುಡುಗಿ ಪೆಕೋಲಾಳ ಆಸೆ ಒಂದೇ: ನೀಲಿ ಕಣ್ಣು. ಮತ್ತೊಬ್ಬ ಹುಡುಗಿ ಕ್ಲಾಡಿಯಾ ತನಗೆ ಉಡುಗೊರೆಯಾಗಿ ಬಂದ ಬಿಳಿ ಬೊಂಬೆಯನ್ನು ಕಿತ್ತು ಚೂರು ಮಾಡುತ್ತಾಳೆ. ಕ್ಲಾರ್ಕ್ ದಂಪತಿಗಳ ಪ್ರಯೋಗದಲ್ಲಿ ಇಂಥ ಉತ್ತರಕ್ಕೆ ಕಲಮೇ ಇರಲಿಲ್ಲ. ತಂದೆಯಿಂದಲೇ ಅತ್ಯಾಚಾರಕ್ಕೊಳಗಾದ ಪೆಕೋಲಾ ಸಹಾಯ ಕೇಳಿಕೊಂಡು ಹೋಗುವುದು ಯಾರ ಬಳಿಗೆ? ಕನಸುಗಳ ಅರ್ಥ ಹೇಳುವೆನೆಂದು ಚೀಟಿ ಅಚ್ಚು ಹಾಕಿಸಿಕೊಂಡಿರುವ ಒಬ್ಬ ಕಪಟಿಯ ಬಳಿಗೆ. ಅವನು ಅವಳ ಕೈಯಿಂದಲೇ ನಾಯಿಗೆ ವಿಷ ಹಾಕಿಸಿ ನೀಲಿ ಕಣ್ಣು ಬಂತೆಂದು ನಂಬಿಸುತ್ತಾನೆ. ಹುಚ್ಚಿಗೆ ಜಾರಿದ ಮೇಲೆ ಅವಳು ಮಾತಾಡುವುದು ತನ್ನೊಡನೆ ತಾನೇ. ಕಾದಂಬರಿಯನ್ನು ಸೌಂದರ್ಯಪ್ರಜ್ಞೆಯ ವಸಾಹತೀಕರಣದ ಕಥೆಯೆಂದು ಓದುವುದು ವಾಡಿಕೆ. ಆ ಊರಿನಲ್ಲಿ ಆ ಮಗುವಿನ ಪಾಲಿಗೆ ಇದ್ದ ಒಬ್ಬನೇ 'ಮನೋವೈದ್ಯ' ಒಬ್ಬ ವಂಚಕನೆಂಬ ವ್ಯಂಗ್ಯವನ್ನು ಮಾತ್ರ ವಿಮರ್ಶೆ ಸಾಕಷ್ಟು ಗಮನಿಸಿಲ್ಲ.

ಕನ್ನಡದ ಓದುಗರಿಗೆ ಈ ಲೋಕದೊಡನೆ ಇರುವ ಸಂಬಂಧ ಕೇವಲ ಹೋಲಿಕೆಯದಲ್ಲ. 1913ರಿಂದ 1916ರವರೆಗೆ, ಹಾರ್ಲೆಮಿಗೆ ಅಂಟಿಕೊಂಡಂತಿರುವ ಕೊಲಂಬಿಯಾದಲ್ಲಿ ಓದಿದ ಬಿ.ಆರ್. ಅಂಬೇಡ್ಕರ್, 1946ರಲ್ಲಿ ಕಪ್ಪುಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪುಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಳನ್ನು ತರಿಸಿಕೊಳ್ಳಲು ಯತ್ನಿಸಿದ್ದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಸಂಘಟನೆ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಪಡೆಯಿತು. ವರ್ಣ ಮತ್ತು ಜಾತಿ ಒಂದೇ ಅಲ್ಲ. ಅವನ್ನು ಒಂದೇ ಅಚ್ಚಿಗೆ ಸುರಿಯುವುದು ಶಾಸ್ತ್ರೀಯವೂ ಅಲ್ಲ. ಆದರೂ ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ' (1994) ಮತ್ತು ಸಿದ್ಧಲಿಂಗಯ್ಯನವರ 'ಊರುಕೇರಿ'ಗಳನ್ನು ಬಾಲ್ಯದ ಮನಸ್ಸಿನ ದಾಖಲೆಗಳಾಗಿ ಓದಲು ಹಾರ್ಲೆಮಿನ ಚರಿತ್ರೆ ದಾರಿ ಮಾಡಿಕೊಡುತ್ತದೆ. ಕನ್ನಡದಲ್ಲಿ 'ಸೊಕ್ಕು' ಎಂಬ ಮಾತಿನ ಬಳಕೆಯನ್ನೇ ನೋಡಬಹುದು. ಒಂದೇ ನಡವಳಿಕೆ ಉಳ್ಳವರ ಮನೆಯ ಮಗುವಿನಲ್ಲಿ ಕಂಡರೆ 'ಹಟ', ಕೇರಿಯ ಮಗುವಿನಲ್ಲಿ ಕಂಡರೆ 'ಸೊಕ್ಕು'. ಹಟಕ್ಕೆ ಸಮಾಧಾನವಿದೆ, ಸೊಕ್ಕನ್ನು ಮುರಿಯಬೇಕು, ಇಳಿಸಬೇಕು, ಅಡಗಿಸಬೇಕು. ಕ್ರಿಯಾಪದಗಳೇ ಮುಂದಿನ ಕಾರ್ಯಕ್ರಮವನ್ನು ಹೇಳಿಬಿಡುತ್ತವೆ.

5

ಹೆಸರಿಡುವುದರಷ್ಟೇ ಮುಖ್ಯವಾದದ್ದು ಮೌನವನ್ನು ಅರ್ಥೈಸುವ ಬಗೆ. 1960ರ ದಶಕದಲ್ಲಿ ಹಾರ್ಲೆಮಿನ ಮಕ್ಕಳ ಭಾಷೆಯನ್ನು ಅಧ್ಯಯನ ಮಾಡಿದ ವಿಲಿಯಂ ಲಬೋವ್ ವರ್ಣಿಸುವ ಪ್ರಸಂಗವೊಂದು ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತ. ಎಂಟು ವರ್ಷದ ಹುಡುಗನೊಬ್ಬ ಸಂದರ್ಶಕನ ಪ್ರಶ್ನೆಗಳಿಗೆ ಒಂದೆರಡು ಪದಗಳಲ್ಲಿ ಉತ್ತರಿಸಿ ಸುಮ್ಮನಾಗುತ್ತಾನೆ. ಸಂದರ್ಶಕನೂ ಹಾರ್ಲೆಮಿನಲ್ಲೇ ಬೆಳೆದ ಕಪ್ಪು ಮನುಷ್ಯ. ಆದರೂ ಮಾತು ಹೊರಡದು. ಮರುಸಲ ಆತ ಹುಡುಗನ ಗೆಳೆಯನನ್ನು ಜೊತೆಗೆ ಕರೆತಂದು, ಆಲೂಗಡ್ಡೆ ಚಿಪ್ಸು ತಂದು, ನೆಲದ ಮೇಲೆ ಕುಳಿತು, ಹುಡುಗರು ತಮ್ಮೊಳಗೆ ಆಡುವ ನಿಷಿದ್ಧ ಪದಗಳನ್ನು ತಾನೂ ಆಡಿದಾಗ, ಅದೇ ಹುಡುಗ ಮಾತಿಗೆ ಮಾತು ಸೇರಿಸಿ, ಪೈಪೋಟಿಯಿಂದ ಮಾತಾಡತೊಡಗಿದ. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿಯೂ ಮನೋವೈದ್ಯರ ಮೊದಲ ಭೇಟಿಯಲ್ಲಿಯೂ ದಾಖಲಾಗುವುದು ಮೊದಲ ದಿನದ ಮೌನ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹೋಟೆಲು ಹುಡುಗರಿಗೆ ಕಲಿಸಿದ ಹಿಂದಿನ ತಲೆಮಾರಿನ ಅಧ್ಯಾಪಕರಿಗೆ ಈ ಎರಡನೆಯ ದಿನದ ಮಹತ್ವವನ್ನು ವಿವರಿಸಬೇಕಾಗಿರಲಾರದು.

ಇಂದಿನ ಅಮೆರಿಕದಲ್ಲಿ ನೆಲಮಾಳಿಗೆಗಳ ಕಾಲ ಮುಗಿದಿದೆ. 1965ರಲ್ಲಿ ಬಡವರಿಗಾಗಿ ಮೆಡಿಕೇಡ್ ಎಂಬ ಸರ್ಕಾರಿ ವೈದ್ಯವಿಮೆ ಬಂತು. ಮಕ್ಕಳ ತಪಾಸಣೆ ಅದರ ಭಾಗವಾಯಿತು. ಆದರೆ 2009-10ರ ಸುಮಾರಿಗೆ ಆ ವಿಮೆಯನ್ನು ಒಪ್ಪುತ್ತಿದ್ದ ಮನೋವೈದ್ಯರು ನೂರಕ್ಕೆ 43 ಮಾತ್ರ. ಉಳಿದ ವೈದ್ಯರಲ್ಲಿ ನೂರಕ್ಕೆ 73. 2014ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಪ್ರಕಟಿಸಿದ ಅಂಕಿಗಳ ಪ್ರಕಾರ ಶಿಶುವಿಹಾರದ ಮಕ್ಕಳಲ್ಲಿ ಕಪ್ಪು ಮಕ್ಕಳು ನೂರಕ್ಕೆ 18. ಒಂದಕ್ಕಿಂತ ಹೆಚ್ಚು ಸಲ ಶಾಲೆಯಿಂದ ಅಮಾನತುಗೊಂಡವರಲ್ಲಿ ಅವರು ನೂರಕ್ಕೆ 48. ನಾಲ್ಕು ವರ್ಷದ ಮಗುವಿನ ಅಮಾನತು ಎಂಬುದೇ ವಿಚಿತ್ರವಾದ ಮಾತು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, 5ರಿಂದ 12 ವರ್ಷದೊಳಗಿನ ಕಪ್ಪು ಮಕ್ಕಳ ಆತ್ಮಹತ್ಯೆಯ ಪ್ರಮಾಣ ಅದೇ ವಯಸ್ಸಿನ ಬಿಳಿ ಮಕ್ಕಳದಕ್ಕಿಂತ ಸುಮಾರು ಎರಡು ಪಟ್ಟು ಎಂದು ತೋರಿಸಿತು. ಕಪ್ಪುಜನರಲ್ಲಿ ಆತ್ಮಹತ್ಯೆ ಕಡಿಮೆಯೆಂಬ ಹಳೆಯ ನಂಬಿಕೆಯ ಮರೆಯಲ್ಲಿ ಈ ಮಕ್ಕಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮರುವರ್ಷದ ಕೊನೆಗೆ ಅಮೆರಿಕ ಸಂಸತ್ತಿನ ಕಪ್ಪು ಸದಸ್ಯರ ಕೂಟ ಈ ಬಗ್ಗೆ ಎಚ್ಚರಿಕೆಯ ವರದಿಯೊಂದನ್ನು ಹೊರತಂದಿತು.

2016ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ದೊಡ್ಡವರನ್ನು ಕುರಿತದ್ದಾದರೂ ಇಲ್ಲಿ ಉಲ್ಲೇಖನೀಯ. ಮಗುವಿಗಾಗಿ ದೂರವಾಣಿ ಮಾಡುವವರು ದೊಡ್ಡವರೇ ತಾನೆ. ನ್ಯೂಯಾರ್ಕ್ ನಗರದ 320 ಮನೋಚಿಕಿತ್ಸಕರಿಗೆ, ಒಂದೇ ಬಗೆಯ ವಿಮೆಯಿರುವ, ಒಂದೇ ಬಗೆಯ ತೊಂದರೆಯಿರುವ ವ್ಯಕ್ತಿಗಳ ಧ್ವನಿಸಂದೇಶ ಕಳಿಸಲಾಯಿತು. ಬೇರೆಯಾಗಿದ್ದುದು ಹೆಸರು, ಉಚ್ಚಾರ ಮತ್ತು ಮಾತಿನ ಧಾಟಿ. ಮಧ್ಯಮ ವರ್ಗದ ಬಿಳಿಯರಂತೆ ಕೇಳಿಸಿದವರಲ್ಲಿ ನೂರಕ್ಕೆ 28 ಮಂದಿಗೆ ಭೇಟಿಯ ಸಮಯ ದೊರೆಯಿತು. ಮಧ್ಯಮ ವರ್ಗದ ಕಪ್ಪುಜನರಂತೆ ಕೇಳಿಸಿದವರಲ್ಲಿ ನೂರಕ್ಕೆ 17 ಮಂದಿಗೆ. ದುಡಿಯುವ ವರ್ಗದವರಂತೆ ಕೇಳಿಸಿದವರಲ್ಲಿ, ಬಿಳಿಯರಿರಲಿ ಕಪ್ಪುಜನರಿರಲಿ, ನೂರಕ್ಕೆ 8 ಮಂದಿಗೆ ಮಾತ್ರ. ಬಡವರ ಧಾಟಿಯ ಎದುರಿಗೆ ಚರ್ಮದ ಬಣ್ಣದ ಭೇದವೂ ಅಳಿಸಿಹೋದದ್ದನ್ನು ಗಮನಿಸಬೇಕು.

ಈ ಎರಡು ಭೇದಗಳಲ್ಲಿ, ಅಂದರೆ ಭಾಷೆ ಮತ್ತು ಬಡತನಗಳಲ್ಲಿ, ಯಾವುದಕ್ಕೆ ಕಾನೂನು ಕಿವಿಗೊಡುತ್ತದೆ ಎಂಬ ಪ್ರಶ್ನೆ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನಲ್ಲಿ ಇತ್ಯರ್ಥಕ್ಕೆ ಬಂತು. ಸ್ಥಿತಿವಂತರ ನಡುವೆ ಇದ್ದ ಬಡವರ ವಸತಿಯೊಂದರ ಕಪ್ಪು ಮಕ್ಕಳನ್ನು ಶಾಲೆ 'ಕಲಿಕೆಯ ನ್ಯೂನತೆಯುಳ್ಳವರು', 'ಭಾವನಾತ್ಮಕ ದೋಷವುಳ್ಳವರು' ಎಂದು ವರ್ಗೀಕರಿಸಿತ್ತು. ಹಾರ್ಲೆಮಿನ ತಾಯಂದಿರಂತೆ ಇಲ್ಲಿಯೂ ತಾಯಂದಿರು ಆ ಹೆಸರುಗಳನ್ನು ನಂಬಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ಮಕ್ಕಳ ಮನೆಮಾತು ಶಾಲೆಯ ಇಂಗ್ಲಿಷಿಗಿಂತ ಭಿನ್ನವಾದ, ತನ್ನದೇ ವ್ಯಾಕರಣವುಳ್ಳ ಪ್ರಭೇದವೆಂದು ಲಬೋವ್ ಮತ್ತು ಜಿನೀವಾ ಸ್ಮಿದರ್ಮನ್ ಸಾಕ್ಷ್ಯ ನುಡಿದರು. 1979ರ ಜುಲೈ 12ರಂದು ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪಿತ್ತರು: ಅಧ್ಯಾಪಕರು ಆ ಮನೆಮಾತನ್ನು ಅರಿಯಬೇಕು, ಓದು ಕಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಅದಕ್ಕೆ ಶಾಲಾಮಂಡಳಿ ಯೋಜನೆ ಸಲ್ಲಿಸಬೇಕು. ಭಾಷಾವಿಜ್ಞಾನದ ಪುಸ್ತಕಗಳು ಇದನ್ನು ಗೆಲುವೆಂದು ಬರೆಯುತ್ತವೆ, ಅದು ಗೆಲುವೇ ಹೌದು. ಆದರೆ ತಾಯಂದಿರು ಮೊದಲು ಸಲ್ಲಿಸಿದ ಅರ್ಜಿಯಲ್ಲಿ ಭಾಷೆಯೊಂದೇ ಇರಲಿಲ್ಲ; ತಮ್ಮ ಬಡತನವನ್ನೂ ಬದುಕಿನ ರೀತಿಯನ್ನೂ ಕಂಡು ಶಾಲೆ ಮಕ್ಕಳನ್ನು ಹೀಗಳೆಯುತ್ತಿದೆ, ಆ ತಡೆಗಳನ್ನು ದಾಟಲು ನೆರವು ಬೇಕು ಎಂಬ ದೂರೂ ಇತ್ತು. ಬಡತನದ ಕಾರಣಕ್ಕೆ ಅಂಥ ನೆರವನ್ನು ಹಕ್ಕಾಗಿ ಕೇಳಲು ಕಾನೂನಿನಲ್ಲಿ ಎಡೆಯಿಲ್ಲವೆಂದು ಅದೇ ನ್ಯಾಯಾಧೀಶರು ವಿಚಾರಣೆಗೆ ಮುನ್ನವೇ ಆ ಭಾಗವನ್ನು ವಜಾ ಮಾಡಿದ್ದರು.